ಕೊಟ್ರಪ್ಪನ ಧಾಟಿ
ಜಮೈಕಾದ ಜನಪ್ರಿಯ ಸಂಗೀತಕ್ಕೆ ಅಡಿಪಾಯ ಹಾಕಿದ ಎಷ್ಟೋ ಮಂದಿಯ ಹೆಸರು ಅಲ್ಲಿಯವರಿಗೇ ಗೊತ್ತಿಲ್ಲವಂತೆ. ನಮ್ಮ ಬೆಟಗೇರಿಯಲ್ಲಿ ಅಂಥವರೊಬ್ಬರು ನೇಕಾರ ಕೊಟ್ರಪ್ಪ. ನಲವತ್ತು ವರ್ಷಗಳ ಹಿಂದೆ ಜನಪದ ಹಾಡಿಗೆ ಬ್ಯಾಂಜೊ, ಡ್ರಮ್ ಸೇರಿಸಿ ಈ ಸೀಮೆಯ ಮೊದಲ ಕ್ಯಾಸೆಟ್ ಮಾಡಿದವರು ಇವರೇ, ಆದರೆ ಅದರ ಮೇಲೆ ಅದನ್ನು ಮಾರಿದ ಅಂಗಡಿಯವನ ಹೆಸರಿತ್ತು. ಅದರಲ್ಲಿ ಅವರೇ ಕಟ್ಟಿದ ಒಂದು ಹಾಡಿನ ಮಾತುಗಳನ್ನು ಜನ ಮರೆತರೂ ಧಾಟಿ ಇಂದಿಗೂ ಡಿಜೆಗಳಲ್ಲಿ ಮೊಳಗುತ್ತದೆ. ಗದಗದಿಂದ ಮುಂಡರಗಿವರೆಗೆ ಎಲ್ಲಿ ಮದುವೆ ಮೆರವಣಿಗೆ ಇದ್ದರೂ ಕೊಟ್ರಪ್ಪ ಕರೆಯದೆ ಹೋಗಿ ಡಿಜೆಯವನನ್ನು ಬೈಯುತ್ತಾರೆ: “ಅಷ್ಟ್ ಜಲ್ದಿ ಓಡಸಬ್ಯಾಡಲೇ, ಹಾಡಿಗೆ ದಮ್ಮು ಹತ್ತತೈತಿ!” ಊಟಕ್ಕೆ ಕರೆದರೆ ಒಲ್ಲೆ, ಕುರ್ಚಿ ಕೊಟ್ಟರೆ ಒಲ್ಲೆ. ಬಸ್ಸಿನ ಹಾರ್ನು, ಅಡುಗೆಮನೆಯ ಮಿಕ್ಸರ್, ಕಡೆಗೆ ಪಕ್ಕದವರ ಸೀನು ಕೂಡ ತಾಳ ತಪ್ಪಿದೆ ಎನ್ನುವ ಮನುಷ್ಯ. ಮೊನ್ನೆ ಅವರ ಮನೆಗೆ ಹೋದವನು ಕೇಳಿಯೇಬಿಟ್ಟೆ: “ಯಜಮಾನ್ರ, ನಿಮ್ಮ ಹಾಡಿಗೆ ಮಂದಿ ಕುಣದ್ರ ನೀವು ಖುಷಿ ಪಡಬೇಕಲ್ರಿ?” ಅವರು ಮುಖ ತಿರುಗಿಸಿದರು. ಹೆಂಡತಿ ಬಸವಣ್ಣೆವ್ವ ಮೆಲ್ಲಗೆ ಹೇಳಿದರು: “ಅದು ಕುಣಿಯೋ ಹಾಡಲ್ರಿ ತಮ್ಮಾ. ನಮ್ಮ ಮೂರು ವರ್ಷದ ಮಗಳು ತೀರಿಕೊಂಡಾಗ ಅತ್ತುಕೋಂತ ಕಟ್ಟಿದ್ದು.” ನನ್ನ ಮದುವೆಯಲ್ಲಿ ಅದನ್ನೇ ಮೂರು ಸಲ ಹಾಕಿಸಿ, ಸೀಟಿ ಹೊಡೆದು ಕುಣಿದಿದ್ದೆ.