ಅಡ್ಡಹೆಸರು ಅಳಿಸಿದವಳು ನಾನು

ರೀ, ಸಿರುಗುಪ್ಪದ ರೈಸ್ ಮಿಲ್ಲಿನ ರೈತರ ಅಡ್ಡಹೆಸರುಗಳನ್ನು ಅಳಿಸಿದ್ದು ನೀವಲ್ಲ — ನಾನು. ಮದುವೆಯಾಗಿ ಇಷ್ಟು ವರ್ಷ ಒಂದೇ ಒಲೆಯ ಅನ್ನ ಉಂಡರೂ ಇದೊಂದನ್ನು ನುಂಗಿಕೊಂಡೇ ಬಂದೆ.

ಆಗ ಕಂಟೋನ್ಮೆಂಟಿನ ಆ ಸಣ್ಣ ಆಫೀಸಿನಲ್ಲಿ ನಾವಿಬ್ಬರೂ ಬರೀ ಸಹೋದ್ಯೋಗಿಗಳು. ಮಿಲ್ಲಿನ ಪಿಎಚ್‌ಪಿ ತಂತ್ರಾಂಶಕ್ಕೆ ಡೇಟಾಬೇಸ್ ಮ್ಯಾಪಿಂಗ್ ಲೈಬ್ರರಿಯನ್ನು ನೀವು ಅಚ್ಚುಕಟ್ಟಾಗಿ ಇನ್‌ಸ್ಟಾಲ್ ಮಾಡಿ, ಸೆಟ್ಟಿಂಗಿನಲ್ಲಿ ಮಿಲ್ಲಿನ ಅಸಲಿ ಡೇಟಾಬೇಸಿನ ಬದಲು ಪ್ರಯೋಗಕ್ಕಿಟ್ಟ ಖಾಲಿ ಪ್ರತಿಯ ಹೆಸರು ಹಾಕಿ, ಊಟಕ್ಕೆ ಹೋದಿರಿ. ಕೋಡಿನಲ್ಲಿ ನಾವು ಬರೆದಂತೆ ಆ ಲೈಬ್ರರಿ ಡೇಟಾಬೇಸಿನ ಟೇಬಲ್ಲುಗಳನ್ನು ಹೊಂದಿಸುತ್ತದೆ. ಬರೆಯದೆ ಬಿಟ್ಟ ಕಾಲಮ್ಮನ್ನು ಅದರೊಳಗಿನ ಮಾಹಿತಿ ಸಮೇತ ಕಿತ್ತುಹಾಕುತ್ತದೆ ಎಂದು ನನಗೆ ಗೊತ್ತಿರಲಿಲ್ಲ — ಅಲ್ಲ, ಓದಿದ್ದೆ, ಲಕ್ಷ್ಯ ಕೊಡಲಿಲ್ಲ. ನಿಮ್ಮ ಕಂಪ್ಯೂಟರಿನಲ್ಲೇ ಕೂತು ರೈತರ ಟೇಬಲ್ಲಿನ ಕಾಲಮ್ಮುಗಳನ್ನು ಕೋಡಿನಲ್ಲಿ ಬರೆದೆ. ಡೊಳ್ಳುಹೊಟ್ಟಿ ಎರ್ರಿಸ್ವಾಮಿ, ಬುಲೆಟ್ ಎರ್ರಿಸ್ವಾಮಿ — ಛೀ, ಹಿರಿಯರನ್ನು ಹೀಗೆ ಕರೆಯುವುದೇ ಎಂದು ಅಡ್ಡಹೆಸರಿನ ಕಾಲಂ ಕೈಬಿಟ್ಟೆ. ಬೇಗ ಮುಗಿಸಿ ಶಹಬ್ಬಾಸ್‌ಗಿರಿ ಪಡೆಯುವ ಆತುರ ಬೇರೆ. ಪ್ರತಿಯ ಹೆಸರು ತೆಗೆದು, ಅಸಲಿ ಡೇಟಾಬೇಸಿನ ಹೆಸರು ಹಾಕಿ, ಎಂಟರ್ ಒತ್ತಿದೆ.

ಸಂಜೆ ಮಿಲ್ಲಿನಿಂದ ಫೋನು ಬಂತು. "ಹಚ್ಚೊಳ್ಳಿಯೊಳಗ ಮನಿಗೊಬ್ಬ ಎರ್ರಿಸ್ವಾಮಿ ಅದಾನ್ರಿ. ಯಾರ ಭತ್ತ ಯಾವುದು ಅಂತ ಹೆಂಗ ತಿಳಿಬೇಕ್ರಿ?" ಬ್ಯಾಕಪ್ ಇರಲಿಲ್ಲ. ಆಫೀಸಿನ ಸಾಹೇಬರು ಕೇಳಿದಾಗ ನಾನು ಹೇಳಿದ್ದು ಇಷ್ಟೇ — "ನಾ ಕೋಡ್ ಅಷ್ಟ ಬರದೇನ್ರಿ, ಸೆಟ್ಟಿಂಗ್ ಮುಟ್ಟೇ ಇಲ್ರಿ ಸರ್." ನೀವು ಸೆಟ್ಟಿಂಗ್ ನೋಡಿ, ಅಸಲಿ ಹೆಸರನ್ನು ನೀವೇ ಹಾಕಿ ಮರೆತಿರಬೇಕೆಂದುಕೊಂಡು ತಲೆ ತಗ್ಗಿಸಿದಿರಿ.

ಆಮೇಲೆ ಇಬ್ಬರೂ ಬಸ್ಸು ಹತ್ತಿ ಹಚ್ಚೊಳ್ಳಿ, ಕೆಂಚನಗುಡ್ಡ ಸುತ್ತಿ, ಕಂಡ ಕಂಡ ಕಟ್ಟೆಯ ಮೇಲೆ ಕೂತು ಅಡ್ಡಹೆಸರು ಕೇಳಿದೆವು. ಡೊಳ್ಳುಹೊಟ್ಟಿ ಎರ್ರಿಸ್ವಾಮಿ ತಾತನೇ ನಕ್ಕು, "ಹಂಗಂದ್ರನ ನಾ ಸಿಗೋದವ್ವ, ಬರಕೋ" ಎಂದ. ಆ ಓಡಾಟದಲ್ಲೇ ನಿಮ್ಮ ಮೇಲೆ ಮನಸ್ಸಾಯಿತು. ನನ್ನ ಸಂಸಾರ ಸುಖವಾಗಿದೆ, ಇಲ್ಲವೆಂದರೆ ನಾಲಿಗೆ ಬಿದ್ದೀತು. ಅದಕ್ಕೇ ಬಾಯಿ ಬಿಡಲು ಇನ್ನಷ್ಟು ಹೆದರಿದೆ.

ನೀವು ಮಾತ್ರ ಅವತ್ತಿನಿಂದ ಡೇಟಾಬೇಸ್ ಮುಟ್ಟಲಿಲ್ಲ. ಅಷ್ಟು ಬಲ್ಲವರು ವೆಬ್ ಪುಟಗಳಿಗೆ ಬಣ್ಣ ಹೊಂದಿಸುವ ಕೆಲಸದಲ್ಲೇ ಉಳಿದಿರಿ. ನಿನ್ನೆ ಕುರುಗೋಡಿನ ಮಿಲ್ಲಿನವರು ಮನೆಗೇ ಬಂದು ತಮ್ಮ ತಂತ್ರಾಂಶದ ಪೂರಾ ಕೆಲಸ ನಿಮಗೇ ಒಪ್ಪಿಸುತ್ತೇವೆಂದರೂ, "ನನ್ನ ಕೈಗುಣ ಸರಿ ಇಲ್ರಿ. ನಮ್ಮಾಕಿಗೆ ಕೊಡ್ರಿ, ಆಕಿ ತಪ್ಪು ಮಾಡಂಗಿಲ್ಲ" ಎಂದಿರಿ. ಒಳಗೆ ಚಹಾ ಸೋಸುತ್ತಿದ್ದ ನನಗೆ ನಾಚಿಕೆಯಾಯಿತು, ಅಳು ಬಂತು.

ನಿಮ್ಮ ಕೈಗುಣಕ್ಕೆ ಏನೂ ಆಗಿರಲಿಲ್ಲ. ಹಾಳು ಮಾಡಿದವಳು ನಾನು, ಸುಳ್ಳು ಹೇಳಿದವಳೂ ನಾನು. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಸಾಹೇಬರಿಗೆ ಈಗಷ್ಟೇ ಫೋನ್ ಮಾಡಿ ಎಲ್ಲ ಹೇಳಿದೆ. ಕುರುಗೋಡಿನವರಿಗೂ ಹೇಳಿದೆ — ನಾಳೆ ಅವರು ಮತ್ತೆ ಬರುತ್ತಾರೆ, ನಿಮ್ಮನ್ನೇ ಕೇಳಿಕೊಂಡು.