ಈರಕ್ಕ ವೆಬ್‌ಸೈಟ್ ಮಾಡಿಸಿದ್ದು

ಈರಕ್ಕ ಯಾರನ್ನೇ ಮೊದಲ ಸಲ ಕಂಡರೂ ಮುಖ ನೋಡುತ್ತಿರಲಿಲ್ಲ. ತೋಳಿನ ಬಟ್ಟೆಯನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡುತ್ತಿದ್ದರು. ಸಾಹೇಬರಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಬಡವನಹಳ್ಳಿಯ ಹತ್ತಿರದ ಕಂಬಳಿ ನೇಕಾರರ ಸಂಘಕ್ಕೆ ಕಂಪ್ಯೂಟರ್ ಕೆಲಸಕ್ಕೆಂದು ನಾನು ಸೇರಿದ ದಿನ, ಅಧ್ಯಕ್ಷೆಯಾಗಿದ್ದ ಅವರು ನನ್ನ ಚೂಡಿದಾರದ ಅಂಚನ್ನು ಉಜ್ಜಿ, "ಅರ್ಧ ಪಾಲಿಸ್ಟರು ಕಣಮ್ಮ. ಓದಿರೋರು ಹೆಂಗೆ ಮೋಸ ಓಗ್ತೀರ?" ಎಂದರು. ನನ್ನ ಎಂ.ಎಸ್ಸಿ. ಬಗ್ಗೆ ಕೇಳಲೇ ಇಲ್ಲ. ನಾನು ಮಾತು ಕಡಿಮೆಯವಳು. ಅವರ ಕಣ್ಣಿಗೆ ಬಿದ್ದ ನನ್ನ ಯೋಗ್ಯತೆ ಅದೊಂದೇ ಇರಬೇಕು.

ಈರಕ್ಕನ ತವರು ಪಾವಗಡದ ಆಚೆ. ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. ತೀರಾ ಸಿಟ್ಟು ಬಂದರೆ ಯಾವ ಭಾಷೆಯೂ ಬರುತ್ತಿರಲಿಲ್ಲ.

ನಾನು ಸೇರುವ ಹೊತ್ತಿಗೆ ಸಂಘ ತಲೆತಗ್ಗಿಸಿ ಕೂತಿತ್ತು. ಹಿಂದೆ ಒಂದು ಕಂಪನಿ ಇವರಿಗೆ ವೆಬ್‌ಸೈಟ್ ಮಾಡಿಕೊಟ್ಟು, ಅದರ ವಿಳಾಸವನ್ನು ತನ್ನ ಹೆಸರಿಗೇ ಬರೆಸಿಕೊಂಡಿತ್ತು. ಆಮೇಲೆ ಕಂಪನಿಯೇ ಬಾಗಿಲು ಹಾಕಿತು. ವಿಳಾಸ ಯಾರದೋ ಪಾಲಾಗಿ, ಈಗ ಅದರಲ್ಲೊಬ್ಬ ಜ್ಯೋತಿಷಿ ಕುಳಿತಿದ್ದ. ಕಂಬಳಿಯ ಮೂಲೆಗೆ ಹೊಲಿದ ಚೀಟಿಯಲ್ಲಿ ಆ ವಿಳಾಸವೂ ಇತ್ತು, ಈರಕ್ಕನ ಫೋನ್ ನಂಬರೂ ಇತ್ತು. ಹೀಗಾಗಿ ಎಲ್ಲೆಲ್ಲಿಂದಲೋ ಜನ ಕರೆಮಾಡಿ ಮಗಳಿಗೆ ಕಂಕಣಬಲ ಯಾವಾಗ ಎಂದು ಕೇಳುತ್ತಿದ್ದರು.

"ಕಂಬ್ಳಿ ಬೇಕಾದ್ರೆ ಕೇಳಿ, ಕೊಡ್ತೀನಿ. ಗಂಡು ನಮ್ತಾವಿಲ್ಲ," ಎಂದು ಈರಕ್ಕ ಫೋನ್ ಇಡುತ್ತಿದ್ದರು.

ಮತ್ತೊಮ್ಮೆ ವೆಬ್‌ಸೈಟ್ ಮಾಡಿಸೋಣ ಎಂದಾಗ ಸಂಘದ ಹಿರಿಯ ನೇಕಾರ ಸಣ್ಣರಂಗಪ್ಪ ಎದ್ದು ನಿಂತರು. "ಮಾಡ್ಸಕ್ಕ, ಬ್ಯಾಡ ಅನ್ನಲ್ಲ. ಆದ್ರೆ ಈ ದಪಾನೂ ಇಂಗೇ ಆದ್ರೆ ಮಗ್ಗ ಬಿಚ್ಚಿಟ್ಬುಟ್ಟು ಶೆಡ್ನ ಸಿಮೆಂಟ್ ಗೋಡೌನ್‌ಗೆ ಕೊಟ್ಬುಡಾನ."

ಉಳಿದವರು ಹೌದೆಂದು ತಲೆಯಾಡಿಸಿದರು. ಈರಕ್ಕ ಮೂರು ಕಂಪನಿಯವರಿಗೆ ಬರಹೇಳಿದರು.

ಮೊದಲು ಬಂದವರು ತುಮಕೂರಿನ ಕಡೆಯವರು, ಕೋಟು ಹಾಕಿದ್ದರು. ಈರಕ್ಕ ತೋಳು ಉಜ್ಜಿ, "ಬಾಡ್ಗೆದಾ?" ಎಂದರು. ಅವರು ಅದನ್ನು ಕೇಳಿಸಿಕೊಳ್ಳದವರಂತೆ ಲ್ಯಾಪ್‌ಟಾಪ್ ತೆರೆದು, ತಾವು ಮಾಡಿಕೊಟ್ಟ ಒಂದು ದೊಡ್ಡ ಆಸ್ಪತ್ರೆಯ ವೆಬ್‌ಸೈಟ್ ತೋರಿಸಿದರು. ಅದರಲ್ಲಿ ಡಾಕ್ಟರುಗಳು ಹಲ್ಲು ಕಾಣುವಂತೆ ನಗುತ್ತಿದ್ದರು.

"ಅಮ್ಮಣ್ಣಿ, ಅದ್ರಾಗಿರೋ ನಂಬರ್‌ಗೆ ಮಾಡು. ಇವ್ರ ಕೆಲ್ಸ ಹೆಂಗೈತೆ ಅಂತ ಅವ್ರನ್ನೇ ಕೇಳಾನ," ಎಂದರು ಈರಕ್ಕ ನನಗೆ.

ನಾನು ಮಾಡಿದೆ. ಕೋಟಿನ ಜೇಬಿನೊಳಗೆ ಫೋನ್ ಬಡಿದುಕೊಳ್ಳತೊಡಗಿತು.

ಈರಕ್ಕ ಮುಖ ಸಡಿಲಿಸದೆ, "ಎತ್ಕಳಪ್ಪ, ಪೇಷಂಟ್ ಕಾಯ್ತಾವ್ರೆ," ಎಂದರು.

ಎರಡನೆಯವರು ಮಧುಗಿರಿಯವರೇ. ಬಹಳ ವಿನಯ, ಏನು ಕೇಳಿದರೂ "ಆಗುತ್ತೆ ಮೇಡಂ" ಅನ್ನುತ್ತಿದ್ದರು. ಈರಕ್ಕ, "ಕಂಬ್ಳಿ ವಾಸ್ನೆ ಬರ್ತದಾ ಅದ್ರಾಗೆ?" ಎಂದು ಕೇಳಿದರು. ಅವರು, "ಮುಂದೆ ಅದನ್ನೂ ಸೇರಿಸ್ಬಹುದು ಮೇಡಂ," ಎಂದರು.

ಮೂರನೆಯವನು ಶಿರಾದ ಸಲೀಂ. ಮೊಬೈಲ್ ಅಂಗಡಿಯ ಮೇಲಿನ ಒಂದು ಕೋಣೆಯೇ ಅವನ ಕಂಪನಿ. ಅವನಿಗೂ ವಾಸನೆಯ ಪ್ರಶ್ನೆ ಬಂತು.

"ಬಿಲ್ಕುಲ್ ಆಗಲ್ಲ ಅಮ್ಮಾ."

"ಯಾಕಾಗಲ್ಲ?"

"ಆಗಂಗಿದ್ರೆ ಮೊದ್ಲು ನಮ್ಮಣ್ಣನ ಬಿರಿಯಾನಿ ಅಂಗಡಿಗೆ ಹಾಕ್ತಿರ್ಲಿಲ್ವಾ?"

ವಿಳಾಸವನ್ನು ಸಂಘದ ಹೆಸರಿಗೇ ಮಾಡಿಸಬೇಕು, ಪಾಸ್‌ವರ್ಡ್ ತನ್ನ ಕೈಯಲ್ಲಿರಬಾರದು ಎಂದು ಅವನೇ ಹೇಳಿದ. ಈರಕ್ಕ ಅಷ್ಟಕ್ಕೇ ಒಪ್ಪಲಿಲ್ಲ. ಅವನು ಕೊರಟಗೆರೆಯ ಒಂದು ಬೇಕರಿಗೆ ವೆಬ್‌ಸೈಟ್ ಮಾಡಿದ್ದನೆಂದು ಕೇಳಿ, ಮರುದಿನವೇ ನನ್ನನ್ನು ಬಸ್ಸು ಹತ್ತಿಸಿ ತಾವೂ ಹತ್ತಿದರು. ಖಾರಾ ಬನ್ ತಿನ್ನುತ್ತಾ ಬೇಕರಿಯವನಿಗೆ ಕೇಳಿದ್ದು ಒಂದೇ ಪ್ರಶ್ನೆ: "ಕೆಟ್ಟೋದಾಗ ಆ ಸಲೀಂ ಫೋನ್ ಎತ್ತಾನಾ?"

"ಎತ್ತಾನಕ್ಕ. ಬಾಯಿಗೆ ಬಂದಂಗೆ ಬೈದ್ ಮ್ಯಾಲೂ ಎತ್ತಾನೆ."

ಆಯ್ಕೆ ಮುಗಿಯಿತು. ವಾಪಸು ಬರುವಾಗ, ಆ ವಾಸನೆಯ ಪ್ರಶ್ನೆ ಹಾಕಿ ಸುಳ್ಳುಗಾರರನ್ನು ಚೆನ್ನಾಗಿ ಹಿಡಿದಿರಿ ಎಂದೆ. ನಾನಾಗಿಯೇ ಅಷ್ಟು ಮಾತಾಡಿದ್ದು ಅಪರೂಪ. ಈರಕ್ಕ ನನ್ನನ್ನು ವಿಚಿತ್ರವಾಗಿ ನೋಡಿದರು.

"ಹಿಡ್ಯಾದೇನು ಬಂತು? ನಾನು ನಿಜ್ವಾಗ್ಲೂ ಕೇಳ್ದೆ ಕಣಮ್ಮ. ವಾಸ್ನೆ ಇಲ್ದಲೆ ಜನ ಕಂಬ್ಳಿನ ಹೆಂಗೆ ನಂಬ್ತಾರೆ?"

ಇಷ್ಟೆಲ್ಲ ಪರೀಕ್ಷೆ ಮಾಡಿದವರು, ಸಲೀಂ ಕ್ಯಾಮೆರಾ ಹಿಡಿದು ಬಂದ ದಿನ ಎಡವಿದರು. ನಾವು ಹೋಗಿ ನೋಡಿದರೆ ಮಗ್ಗದ ಶೆಡ್ಡಿನಲ್ಲಿ ಒಂದೂ ಕಂಬಳಿ ಇಲ್ಲ. ಮಗ್ಗದ ಮೇಲೆ, ಗೋಡೆಯ ಮೇಲೆ, ಹಗ್ಗದ ಮೇಲೆ ಗುಲಾಬಿ ಹೂವಿನ, ಹುಲಿ ಚಿತ್ರದ, ನುಣ್ಣನೆಯ ಮಿಲ್ ರಗ್ಗುಗಳು. ಊರಿನ ಮನೆ ಮನೆಯ ಬೀರುವಿನಿಂದ ತರಿಸಿದ್ದರು.

"ಇದೆಲ್ಲಾ ನೀವು ನೇಯ್ದಿದ್ದಾ?" ಸಲೀಂ ಮೆಲ್ಲಗೆ ಕೇಳಿದ.

"ಆ ಹುಲಿದು ನಮ್ ಬೀಗ್ರು ಕೊಟ್ಟಿದ್ದು," ಎಂದರು ಸಣ್ಣರಂಗಪ್ಪ, ಹೆಮ್ಮೆಯಿಂದಲೇ.

ಈರಕ್ಕ ಗದರಿದರು. "ಮನೆಗೆ ನೆಂಟ್ರು ಬಂದ್ರೆ ಒಳ್ಳೇದು ಹಾಸಲ್ವೇನಪ್ಪ? ಲೋಕಾನೇ ಬಂದು ನೋಡ್ತದೆ ಅಂತೀಯ. ಕರೀ ಕಂಬ್ಳಿ ತೋರ್ಸಿದ್ರೆ ನಮ್ ಮರ್ವಾದೆ ಏನಾಗ್ಬೇಕು?"

"ಅಮ್ಮಾ, ಹುಲಿ ರಗ್ಗು ಬೇಕಾದೋರು ಶಿರಾ ಬಸ್‌ಸ್ಟ್ಯಾಂಡಲ್ಲೇ ತಗೊಂತಾರೆ. ನಿಮ್ಮತ್ರ ಯಾಕೆ ಬರ್ತಾರೆ?"

ಅವರಿಗೆ ತೆಲುಗು ಬರಲಿಲ್ಲ, ಕನ್ನಡವೂ ಬರಲಿಲ್ಲ. ಎದ್ದು ಹೊರಗೆ ಹೋದರು. ಸಲೀಂ ನನ್ನ ಕಡೆ ನೋಡಿದ. ಕೆಲಸ ಕೈತಪ್ಪಿತು ಎಂದುಕೊಂಡನೆಂದು ಕಾಣುತ್ತದೆ. ನನ್ನ ಕಣ್ಣಿಗಂತೂ ಶೆಡ್ಡಿನಲ್ಲಿ ಸಿಮೆಂಟ್ ಮೂಟೆಗಳೇ ಕಂಡವು. ಈರಕ್ಕ ತಮ್ಮ ಹೊದಿಕೆಯ ಕಂಬಳಿ ಮತ್ತು ಒಂದು ಚೊಂಬು ನೀರು ಹಿಡಿದು ಬಂದರು. ಕಂಬಳಿಯ ನಾಲ್ಕು ಮೂಲೆಗಳನ್ನು ನಾಲ್ವರ ಕೈಗೆ ಕೊಟ್ಟು, ನಡುವೆ ನೀರು ಹೊಯ್ದರು. ಹುಣಸೆಬೀಜದ ಗಂಜಿ ಕುಡಿದ ಉಣ್ಣೆ ಬಿಗಿಯಾಗಿರುತ್ತದೆ. ನೀರು ಕಂಬಳಿಯ ಮಡಿಲಲ್ಲಿ ನಿಂತಿತು, ಕೆಳಗೆ ಹನಿಯಲಿಲ್ಲ.

"ಇದ್ನ ಹಿಡಿ ಕ್ಯಾಮ್ರಾದಾಗೆ. ವಾಸ್ನೆ ಬರ್ದಿದ್ರೂ ಇದಾದ್ರೂ ಬರ್ಲಿ."

ವೆಬ್‌ಸೈಟ್ ತೆರೆದರೆ ಮೊದಲು ಕಾಣುವುದು ಇಂದಿಗೂ ಅದೇ ಚಿತ್ರ. ಆರ್ಡರುಗಳು ನಿಧಾನವಾಗಿ ಬಂದವು, ಆದರೆ ಬಂದವು. ಮಗ್ಗ ಬಿಚ್ಚುವ ಮಾತನ್ನು ಸಣ್ಣರಂಗಪ್ಪ ಮತ್ತೆ ಎತ್ತಲಿಲ್ಲ. ಪಾಸ್‌ವರ್ಡ್ ಮಾತ್ರ ಈರಕ್ಕನ ಬಳಿಯೇ. ಅವರಿಗೆ ಇಂಗ್ಲಿಷ್ ಅಕ್ಷರ ಬಾರದು. ಕೀಲಿಮಣೆಯ ಮೇಲೆ ಒಂದು ಬೆರಳು ಹೋಗಿ ಬರುವ ದಾರಿಯನ್ನು ನೆನಪಿಟ್ಟುಕೊಂಡಿದ್ದರು. ಒತ್ತುವ ಮೊದಲು ನನಗೆ, "ಆ ಕಡೀಕ್ ತಿರುಕ್ಕ," ಎನ್ನುತ್ತಿದ್ದರು. ನಾನು ತಿರುಗಿಕೊಳ್ಳುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಈರಕ್ಕನಿಗೆ ಉಸಿರಾಟದ ತೊಂದರೆ ಹೆಚ್ಚಾಗಿ, ಪಾವಗಡದ ತಂಗಿಯ ಮನೆಗೆ ಹೋದವರು ನನಗೆ ಲ್ಯಾಪ್‌ಟಾಪ್ ತರಲು ಹೇಳಿಕಳಿಸಿದರು. ಹೋದಾಗ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ತಡೆತಡೆದು ಪಾಸ್‌ವರ್ಡ್ ಒತ್ತಿದರು. ತೆರೆದುಕೊಂಡಿತು.

"ಈಗ ನಿಂದು ಹಾಕು," ಎಂದರು.

"ನಂದಾ?"

"ಇನ್ಯಾರ್ದು? ನಂಗೂ ಹೇಳ್ಬ್ಯಾಡ."

ಹೇಳಿ, ಕಷ್ಟಪಟ್ಟು ಮಗ್ಗುಲು ಬದಲಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ಹೊಸ ಪಾಸ್‌ವರ್ಡ್ ಒತ್ತಿದೆ. ಅವರ ಬೆನ್ನು ಉಸಿರಿಗೆ ಏರಿಳಿಯುತ್ತಿತ್ತು.

"ಆಯ್ತಾ?" ಎಂದರು ಗೋಡೆಗೆ.

ಆಗಿತ್ತು. "ಇನ್ನೂ ಇಲ್ಲ ಈರಕ್ಕ," ಎಂದೆ.