ಬೀಪಾತುಮ್ಮನ ಫೋನು, ನಮ್ಮ ಪ್ರಿಂಟರು

ಮೊನ್ನೆ ಅಪ್ಪನ ಅರ್ಜಿಯೊಂದನ್ನು ಕೊಡಲು ಬಂಟ್ವಾಳದ ಕಚೇರಿಯೊಂದಕ್ಕೆ ಹೋಗಿದ್ದೆ. ಕ್ಯೂನಲ್ಲಿ ನಿಂತಿದ್ದಾಗ ಒಳಗಿನ ಕೋಣೆಯಿಂದ ಕರ್ ಕರ್ ಎಂಬ ಸದ್ದು ಕೇಳಿಸಿತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು! ಈ ಸಂತತಿ ಇನ್ನೂ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ. ಅದರ ರಿಬ್ಬನ್ನಿನ ಶಾಯಿಯ ವಾಸನೆಯೂ ಬಂತು. ನಿಜವಾಗಿ ಬಂತೋ, ಬಂತೆಂದು ನನಗೆ ಅನ್ನಿಸಿತೋ ಹೇಳಲಾರೆ. ನನ್ನ ಮುಂದಿದ್ದವರು ಆ ಸದ್ದಿಗೆ ಮುಖ ಸಿಂಡರಿಸಿದರು. ನಾನು ಮಾತ್ರ ಹಳೆಯ ಗೆಳತಿ ಸಿಕ್ಕವಳಂತೆ ಒಬ್ಬಳೇ ನಗುತ್ತಾ ನಿಂತಿದ್ದೆ.

ಆ ಸದ್ದು ಒಂದು ಕಾಲದಲ್ಲಿ ನನ್ನ ನಿದ್ದೆ ಕೆಡಿಸುತ್ತಿತ್ತು. ಮೂಡುಬಿದಿರೆಯಲ್ಲಿ ನಾನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗಿನ ಮಾತು. ಒಂದು ಕಂಪ್ಯೂಟರಿನ ಒಳಗೆ ಎರಡು ಕಂಪ್ಯೂಟರುಗಳನ್ನು ಕೂರಿಸುವ ವಿದ್ಯೆ ಆಗಷ್ಟೇ ನಮ್ಮ ಕಡೆಗೆ ಬಂದಿತ್ತು. ಒಳಗಿರುವ ಎರಡಕ್ಕೂ 'ಇಡೀ ಯಂತ್ರ ನನ್ನದೇ' ಎಂಬ ಭ್ರಮೆ ಇರಬೇಕು, ಪಕ್ಕದಲ್ಲಿ ಇನ್ನೊಂದು ಇರುವುದು ತಿಳಿಯಬಾರದು. ಪ್ರೊಸೆಸರಿಗೂ ಮೆಮೊರಿಗೂ ಈ ಮಾಯೆಯನ್ನು ಬೇರೆ ಯಾರೋ ಬುದ್ಧಿವಂತರು ಮಾಡಿಟ್ಟಿದ್ದರು. ನಾನೂ ನನ್ನ ಜೊತೆಗಾರ್ತಿ ಮಲ್ಲಿಕಾಳೂ ಆರಿಸಿಕೊಂಡದ್ದು ಪ್ರಿಂಟರನ್ನು. ಕಂಪ್ಯೂಟರಿನ ಯಜಮಾನಿಕೆ ಮಾಡುವ ತಂತ್ರಾಂಶದ ಗರ್ಭಗುಡಿಗೆ ಕರ್ನೆಲ್ ಎಂದು ಹೆಸರು. ಅದರೊಳಗೆ ನಮ್ಮದೊಂದು ತುಂಡು ಸೇರಿಸಿ, ಒಂದೇ ಪ್ರಿಂಟರನ್ನು ಒಳಗಿನ ಇಬ್ಬರಿಗೂ ಸ್ವಂತದ್ದೆಂದು ನಂಬಿಸುವುದು ನಮ್ಮ ಪ್ರಾಜೆಕ್ಟು. ನಿಮಗೆ ಇದು ಪೂರ್ತಿ ಅರ್ಥವಾಗದಿದ್ದರೆ ಚಿಂತೆ ಬೇಡ, ಪ್ರಾಜೆಕ್ಟಿಗೆ ಹೆಸರು ಕೊಟ್ಟು ಬಂದ ದಿನ ನಮಗೂ ಆಗಿರಲಿಲ್ಲ.

ಮಲ್ಲಿಕಾ ಮುಂಡಾಜೆಯವಳು. ಎರಡು ಬಸ್ಸು ಹತ್ತಿ ಬರುವವಳಾದ್ದರಿಂದ ಅವಳಿಗೆ ತಾಳ್ಮೆ ಜಾಸ್ತಿ. ನಾನು ಹತ್ತಿರದ ಶಿರ್ತಾಡಿಯವಳು, ತಾಳ್ಮೆಯ ಅಭ್ಯಾಸ ನನಗಿರಲಿಲ್ಲ. ಪರೀಕ್ಷೆಗೆ ಹತ್ತು ದಿನವಿದ್ದಾಗ ಇಬ್ಬರೂ ಒಟ್ಟಿಗೆ ಮುದ್ರಿಸಿ ನೋಡಿದೆವು. ಅವಳ ಪಾಲಿನ ಕಂಪ್ಯೂಟರಿನಿಂದ ಅವಳ ಅಣ್ಣನ ಮದುವೆಯ ಕರೆಯೋಲೆ, ದೊಡ್ಡ ದಪ್ಪ ಅಕ್ಷರಗಳಲ್ಲಿ. ನನ್ನ ಪಾಲಿನದರಿಂದ ನಮ್ಮ ತರಗತಿಯ ಹೆಸರುಗಳ ಪಟ್ಟಿ, ಸಣ್ಣ ಅಕ್ಷರಗಳಲ್ಲಿ. ಕರೆಯೋಲೆ ಚೆನ್ನಾಗಿಯೇ ಬಂತು. ಅದರ ಹಿಂದೆಯೇ ನನ್ನ ಪಟ್ಟಿಯೂ ಮದುವೆಗೆ ಹೊರಟಂತೆ ದಪ್ಪ ದಪ್ಪ ಅಕ್ಷರಗಳಲ್ಲಿ ಬಂತು. ಉದ್ದ ಹೆಸರಿನವರೆಲ್ಲ ಕಾಗದದ ಅಂಚಿನಾಚೆ ಬಿದ್ದು ಅರ್ಧರ್ಧ ಉಳಿದಿದ್ದರು. ಸರದಿ ನಾವು ಸರಿಯಾಗಿಯೇ ಹಚ್ಚಿದ್ದೆವು. ಆದರೆ ಅವಳು ಹೇಳಿದ್ದನ್ನು ಪ್ರಿಂಟರು ನೆನಪಿಟ್ಟುಕೊಂಡು ನನ್ನ ಕೆಲಸದಲ್ಲಿ ಆಡಿ ತೋರಿಸುತ್ತಿತ್ತು. ಮೂರು ದಿನ ತಲೆ ಕೆರೆದುಕೊಂಡೆವು. ಪ್ರಾಜೆಕ್ಟಿನ ಗೈಡ್ ಸರ್ ಬಂದು ನೋಡಿ, "ಹೀಗಾದರೆ ಪಾಸ್ ಮಾಡ್ಲಿಕ್ಕೆ ಆಗುವುದಿಲ್ಲ, ಆರು ತಿಂಗಳು ಬಿಟ್ಟು ಪುನಃ ಮಾಡಬೇಕಾದೀತು" ಎಂದು ಬಹಳ ಮೆಲ್ಲಗೆ ಹೇಳಿ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆರು ತಿಂಗಳಲ್ಲಿ ಲೋಕವೇನೂ ಮುಳುಗುವುದಿಲ್ಲ. ಆದರೆ ನಪಾಸಾದೆ ಎಂದು ಬಹರೈನಿನಲ್ಲಿದ್ದ ಅಪ್ಪನಿಗೆ ಇನ್ನೊಮ್ಮೆ ಹೇಳುವ ಧೈರ್ಯ ನನಗಿರಲಿಲ್ಲ. ಇನ್ನೊಮ್ಮೆ ಎಂದೆನಲ್ಲ, ಮೊದಲನೆಯದನ್ನು ಹೇಳಬೇಕಾದರೆ ಬೀಪಾತುಮ್ಮನ ಫೋನಿನಿಂದಲೇ ಶುರು ಮಾಡಬೇಕು.

ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಗದ್ದೆಯ ಸುತ್ತ ಐದು ಮನೆಗಳಿಗೆ ಇದ್ದದ್ದು ಒಂದೇ ಫೋನು, ಬ್ಯಾರಿ ಮುಸ್ಲಿಮರ ಮನೆಯ ಬೀಪಾತುಮ್ಮನದು. ಐದು ಮನೆಗಳ ಗಂಡಸರೂ ಗಲ್ಫಿನಲ್ಲಿ. ಐವರಿಗೂ ಶುಕ್ರವಾರವೇ ರಜೆ. ಹಾಗಾಗಿ ಶುಕ್ರವಾರ ಬೀಪಾತುಮ್ಮನಿಗೆ ಕೂರಲು ಪುರುಸೊತ್ತಿರುತ್ತಿರಲಿಲ್ಲ. ಫೋನು ಬಂದರೆ ಅವರು ಜಗಲಿಗೆ ಬಂದು ಹಿತ್ತಾಳೆಯ ಹರಿವಾಣಕ್ಕೆ ಸೌಟಿನಿಂದ ಬಡಿಯುತ್ತಿದ್ದರು. ಒಂದು ಪೆಟ್ಟಾದರೆ ಅವರ ಸೊಸೆಗೆ, ಎರಡಾದರೆ ಆಚೆ ಮನೆಗೆ, ಹೀಗೆ. ನಮಗೆ ಐದು. ನಾಲ್ಕನೆಯ ಪೆಟ್ಟು ಬಿದ್ದಾಗ ಅಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಹಾಗೆಯೇ ಹಿಡಿದು ಉಸಿರು ಕಟ್ಟಿ ನಿಲ್ಲುತ್ತಿದ್ದಳು. ಐದನೆಯದು ಬಿದ್ದರೆ ಓಟ.

ನಾವು ಓಡಿ ತಲುಪುವವರೆಗೆ ಗಲ್ಫಿನವರನ್ನು ಹಿಡಿದಿಡುತ್ತಿದ್ದದ್ದು ಬೀಪಾತುಮ್ಮನೇ. ನಿಮ್ಮ ಮನೆಯಿಂದಲೇ ಮಾತಾಡುತ್ತಿದ್ದೇನೆ ಎಂಬಂತೆ ಆಯಾ ಮನೆಯ ಸುದ್ದಿ ಹೇಳುತ್ತಿದ್ದರು: ದನ ಕರು ಹಾಕಿದ್ದು, ಅಜ್ಜಿಯ ಕೆಮ್ಮು ಕಡಿಮೆಯಾದದ್ದು. ಅದಕ್ಕಾಗಿ ಪ್ರತಿ ಗುರುವಾರ ಸಂಜೆ ಉಳಿದ ನಾಲ್ಕೂ ಮನೆಗೆ ಒಂದು ಸುತ್ತು ಬರುತ್ತಿದ್ದರು. ಮೆಟ್ಟಿಲಲ್ಲಿ ಕೂತು ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. (ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ನಿಮಗಾಗಿ ಕನ್ನಡ ಮಾಡಿದ್ದೇನೆ.) "ನಾಳೆ ಫೋನು ಬಂದರೆ ಏನೆಲ್ಲ ಹೇಳಬಹುದು?"

ಹೇಳಬಹುದಾದದ್ದನ್ನು ಮಾತ್ರ ಅವರು ಹೇಳುತ್ತಿದ್ದರು. ಒಂದು ಮನೆಯದ್ದು ಇನ್ನೊಂದು ಮನೆಗೆ ಕೂದಲೆಳೆಯಷ್ಟೂ ದಾಟುತ್ತಿರಲಿಲ್ಲ. ಅಮ್ಮ ಒಮ್ಮೆ ಮೆಲ್ಲಗೆ, "ಆಚೆ ಮನೆಯವರು ಈ ಸಲ ಬರ್ತಾರಂತಾ?" ಎಂದು ಕೆದಕಿ ನೋಡಿದಳು. ಬೀಪಾತುಮ್ಮ ನಾವು ಕೊಟ್ಟ ಬೆಲ್ಲ ನೀರು ಕುಡಿದು, "ಅದು ಎರಡು ಪೆಟ್ಟಿನ ಮನೆಯ ಸುದ್ದಿ, ನಿಮ್ಮದು ಐದು" ಎಂದು ಎದ್ದು ಹೋದರು.

ಆ ವರ್ಷ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನಗೆ ಗಣಿತದಲ್ಲಿ ಐವತ್ತಕ್ಕೆ ಹನ್ನೊಂದು ಬಂತು. ಗುರುವಾರ ಬೀಪಾತುಮ್ಮ ಬಂದಾಗ ಅವರ ಸೆರಗು ಹಿಡಿದು, "ಇದು ಅಪ್ಪನಿಗೆ ಹೇಳಬೇಡಿ" ಎಂದು ಬೇಡಿಕೊಂಡೆ.

"ನಾನು ಹೇಳುವುದಿಲ್ಲ ಮಗಾ," ಎಂದರು. "ಆದರೆ ಅವರೇ ಕೇಳಿದರೆ ಸುಳ್ಳೂ ಹೇಳುವುದಿಲ್ಲ. ಅದರ ಮೊದಲು ನೀನೇ ಹೇಳಿಬಿಡು."

ಶುಕ್ರವಾರ ಐದು ಪೆಟ್ಟು ಬಿತ್ತು. ಅಮ್ಮನಿಗಿಂತ ಮೊದಲು ಓಡಿ ಹೋಗಿ, ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ. ಅಷ್ಟು ದೂರದಿಂದ ಅಪ್ಪ, "ಆಯ್ತು, ಮುಂದಿನ ಸಲ ನೋಡುವ. ಬೀಪಾತುಮ್ಮನಿಗೆ ಕೊಡು" ಎಂದರು. ಬೀಪಾತುಮ್ಮ ಫೋನು ಹಿಡಿದು ಹ್ಞೂ ಹ್ಞೂ ಎಂದರು, ಸೆರಗನ್ನು ಬಾಯಿಗೆ ಒತ್ತಿ ನಕ್ಕರು, "ಇಲ್ಲ ಇಲ್ಲ, ಹೇಳುವುದಿಲ್ಲ" ಎಂದು ಇಟ್ಟರು.

"ಅಪ್ಪ ಏನು ಹೇಳಿದರು?"

"ಅದು ನಿನ್ನ ಅಪ್ಪ ನನಗೆ ಹೇಳಿದ್ದು" ಎಂದರು ಬೀಪಾತುಮ್ಮ. ಎಷ್ಟು ಗೋಗರೆದರೂ ಬಾಯಿ ಬಿಡಲಿಲ್ಲ.

ಇನ್ನು ಪ್ರಿಂಟರಿಗೆ ಬರೋಣ. ನಾಲ್ಕನೆಯ ದಿನವೂ ನನ್ನ ಪಟ್ಟಿ ದಪ್ಪಕ್ಷರದಲ್ಲೇ ಬಂದಾಗ ಸಿಟ್ಟು ನೆತ್ತಿಗೇರಿ, "ಬೀಪಾತುಮ್ಮನಾದರೆ ಹೀಗೆ ಮಾಡ್ತಿರಲಿಲ್ಲ!" ಎಂದು ಕಿರುಚಿದೆ.

"ಅದ್ಯಾರು ಮಾರಾಯ್ತಿ?" ಎಂದಳು ಮಲ್ಲಿಕಾ.

ಹೇಳುತ್ತಾ ಹೋದೆ. ಗುರುವಾರದ ಸುತ್ತಿನ ಬಗ್ಗೆ ಹೇಳುತ್ತಿರುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾವು ಹರಿವಾಣದ ಪೆಟ್ಟನ್ನು ಮಾತ್ರ ಬರೆದಿದ್ದೆವು, ಗುರುವಾರವನ್ನು ಬಿಟ್ಟಿದ್ದೆವು! ಒಳಗಿನ ಒಬ್ಬೊಬ್ಬರು ಪ್ರಿಂಟರಿಗೆ ಏನೇನು ಹೇಳಿದ್ದಾರೆ ಎಂಬುದನ್ನು ಬೇರೆ ಬೇರೆ ಬರೆದಿಡಬೇಕು. ಸರದಿ ಬದಲಾಗುವಾಗ ಪ್ರಿಂಟರಿಗೆ ಹಿಂದಿನದೆಲ್ಲ ಮರೆಸಿ, ಬಂದವರ ಸುದ್ದಿಯನ್ನಷ್ಟೇ ನೆನಪು ಮಾಡಿಕೊಡಬೇಕು. ಎರಡು ದಿನ ಕೂತು ಬರೆದೆವು. ಆ ಲೆಕ್ಕ ಇಡುವ ಭಾಗಕ್ಕೆ ನಾನು ಕೊಟ್ಟ ಹೆಸರು 'ಬೀಪಾತು'. ಮಲ್ಲಿಕಾಳ ಕರೆಯೋಲೆ ದಪ್ಪಗೆ ಬಂತು, ಅದರ ಬೆನ್ನಿಗೇ ನನ್ನ ಪಟ್ಟಿ ಸಣ್ಣಗೆ ಬಂತು. ನಮ್ಮ ಕುಣಿತ ನೋಡಿ ಪಕ್ಕದ ಲ್ಯಾಬಿನವರು ಬಾಗಿಲು ಹಾಕಿಕೊಂಡರು.

ಪರೀಕ್ಷೆಗೆ ಹೊರಗಿನಿಂದ ಬಂದವರು ಬೆಳ್ತಂಗಡಿಯ ಕಡೆಯ ಹಿರಿಯರು. ನಾವು ಬರೆದದ್ದನ್ನು ಓದುತ್ತಾ ಹೋಗಿ ಒಂದು ಕಡೆ ಬೆರಳಿಟ್ಟು, "ಇದೇನು ಈ ಬೀಪಾತು?" ಎಂದರು. ಗೈಡ್ ಸರ್ ಮುಖ ಬಿಳಿಚಿತು. ಸುಳ್ಳು ಹೇಳಲು ಮನಸ್ಸಾಗದೆ ನಾನು ಹರಿವಾಣದಿಂದ ಹಿಡಿದು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ನಕ್ಕರು. "ನಮ್ಮ ಬದಿಯಲ್ಲಿಯೂ ಅಂಥ ಒಂದು ಫೋನು ಇತ್ತು ಮಾರಾಯ್ರೆ. ಆದರೆ ಅದರಲ್ಲಿ ಮಾತಾಡಿದ್ದು ನಾವು ಮನೆಗೆ ಮುಟ್ಟುವ ಮೊದಲೇ ಬೆಳ್ತಂಗಡಿ ಪೇಟೆಗೆ ಮುಟ್ಟಿರ್ತಿತ್ತು!" ಪಾಸಾದೆವು. ಆ ಸಂಜೆ ಅಪ್ಪನಿಗೆ ನನ್ನ ಮೊಬೈಲಿನಿಂದಲೇ ಹೇಳಿದೆ, ಈ ಸಲ ಕಣ್ಣು ತೆರೆದುಕೊಂಡು.

ಮೊನ್ನೆಯ ಕ್ಯೂ ಇನ್ನೂ ಮುಗಿದಿರಲಿಲ್ಲ. ಹುಟ್ಟಿದ ದಿನಾಂಕಕ್ಕೆ ಆಧಾರ ಬೇಕೆಂದಿದ್ದರಿಂದ ಅಪ್ಪ ಕೊಟ್ಟಿದ್ದ ಪ್ಲಾಸ್ಟಿಕ್ ಕವರನ್ನು ತಡಕಾಡಿದೆ. ತಳದಲ್ಲಿ ನಾಲ್ಕು ಮಡಿಕೆಯ ಹಳೆಯ ಕಾಗದವೊಂದಿತ್ತು: ಅಪ್ಪನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಗಣಿತದ ಎದುರು ಕೆಂಪು ಶಾಯಿಯ ಗೆರೆ. ನಪಾಸು! ಅಲ್ಲಿಂದಲೇ ಬೀಪಾತುಮ್ಮನಿಗೆ ಫೋನು ಮಾಡಿದೆ. ಅವರಿಗೆ ಈಗ ಸ್ವಂತ ಮೊಬೈಲಿದೆ, ದನಿ ಹಾಗೆಯೇ ಇದೆ.

"ಬೀಪಾತುಮ್ಮ, ಅಪ್ಪ ಅವತ್ತು ನಿಮಗೆ ಹೇಳಿದ್ದು ತಾನೂ ಗಣಿತದಲ್ಲಿ ಫೇಲು ಅಂತಲಾ?"

ಆ ಕಡೆ ಸೆರಗು ಬಾಯಿಗೆ ಒತ್ತಿದಂಥ ನಗು. "ಅದು ನಿನ್ನ ಅಪ್ಪನ ಸುದ್ದಿ ಮಗಾ. ಅವರ ಹತ್ತಿರವೇ ಕೇಳು."

ಮನೆಗೆ ಬಂದು ಅಂಕಪಟ್ಟಿಯನ್ನು ಅಪ್ಪನ ಮುಂದಿಟ್ಟೆ. ಅವರು ಅದನ್ನು ನೋಡಿ ಮೊದಲು ಕೇಳಿದ್ದು, "ಬೀಪಾತುಮ್ಮ ಹೇಳಿದರಾ?"

"ಇಲ್ಲ."

"ಗೊತ್ತುಂಟು. ಅವರು ಹೇಳ್ಲಿಕ್ಕಿಲ್ಲ" ಎಂದು ಅಪ್ಪ ಹೆಮ್ಮೆಯಿಂದ ಹೇಳಿದರು. ನನಗೆ ಇದನ್ನೆಲ್ಲ ಬರೆಯಬೇಕೆಂದು ಅನ್ನಿಸಿ, ಅವರ ಕಾಲ ಬಳಿಯ ಮೆಟ್ಟಿಲಲ್ಲಿ ಕೂತು, "ಅಪ್ಪಾ, ಇದರಲ್ಲಿ ಏನೆಲ್ಲ ಹೇಳಬಹುದು?" ಎಂದು ಕೇಳಿದೆ.

ಅಪ್ಪ ಅಂಕಪಟ್ಟಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿದರು. "ಎಲ್ಲ ಹೇಳು. ಮಾರ್ಕು ಎಷ್ಟು ಅಂತ ಮಾತ್ರ ಬೇಡ."

ಹಾಗಾಗಿ ಅದನ್ನು ನಾನು ಬರೆದಿಲ್ಲ. ನನ್ನ ಹನ್ನೊಂದು ಎಷ್ಟೋ ಮೇಲು ಎಂದು ಹೇಳುವುದಕ್ಕೆ ಮಾತ್ರ, ತುಂಬ ಚೌಕಾಸಿಯ ಮೇಲೆ, ಒಪ್ಪಿಗೆ ಸಿಕ್ಕಿದೆ.